ಕಣ್ಣೀರು ಬಾರದ ಪ್ರಾರ್ಥನೆಯೂ ಪ್ರಾರ್ಥನೆಯೇ

ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿ ಭಾಗದ ಓದುಗರಿಂದ ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಅಳಲನ್ನು ಬೇರೆ ಬೇರೆ ಮಾತಿನಲ್ಲಿ ತೋಡಿಕೊಂಡಿವೆ: ದೇವರ ಬಗ್ಗೆ ತಿಳಿದಿದೆ, ಆದರೆ ದೇವರೊಡನೆ ಬಳಕೆಯಿಲ್ಲ. ಅವುಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಕೈಬಿಡಲಾಗಿದೆ.

ಪ್ರಶ್ನೆ: ಸ್ತೋತ್ರ ಅಯ್ಯನವರೇ. ನಾನು ಹುಬ್ಬಳ್ಳಿಯ ಕೇಶ್ವಾಪುರದವಳು, ಕೆಲಸಕ್ಕೆ ದಿನವೂ ಧಾರವಾಡಕ್ಕೆ ಹೋಗಿಬರುತ್ತೇನೆ. ಹುಟ್ಟಿದ್ದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಕುಟುಂಬದಲ್ಲಿ, ಕೂಸಾಗಿದ್ದಾಗಲೇ ದೀಕ್ಷಾಸ್ನಾನವಾಯಿತು, ಮುಂದೆ ದೃಢೀಕರಣವಾಯಿತು, ಇಂದಿಗೂ ಗಾಯನವೃಂದದಲ್ಲಿ ಹಾಡುತ್ತೇನೆ. ಕಳೆದ ವರ್ಷದಿಂದ ಗೆಳತಿಯ ಒತ್ತಾಯಕ್ಕೆ ಶುಕ್ರವಾರದ ಉಪವಾಸ ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದೇನೆ. ಅಲ್ಲಿ ಎಲ್ಲರೂ ಕಣ್ಣೀರಿಟ್ಟು ಪ್ರಾರ್ಥಿಸುತ್ತಾರೆ, ದೇವರು ತಮ್ಮೊಡನೆ ಮಾತಾಡಿದನೆಂದು ಸಾಕ್ಷಿ ಹೇಳುತ್ತಾರೆ. ನನಗೆ ಕಣ್ಣೀರೂ ಬರುವುದಿಲ್ಲ, ಧ್ವನಿಯೂ ಕೇಳುವುದಿಲ್ಲ. ಕಣ್ಣು ಮುಚ್ಚಿದರೆ ಬಾಯಿಪಾಠದ ಮಾತುಗಳೇ ಬರುತ್ತವೆ. ನನಗೆ ದೇವರೊಡನೆ ವೈಯಕ್ತಿಕ ಸಂಬಂಧವೇ ಇಲ್ಲವೇ? ನಮ್ಮದು ಬರೀ ಆಚಾರದ ಸಭೆಯೇ?

ಉತ್ತರ: ಸಹೋದರಿ, ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ನಮ್ಮ ಊರುಗಳ ಚರಿತ್ರೆಯಲ್ಲೇ ಇದೆ. ಈ ಭಾಗದ ನಮ್ಮ ಸಭೆಗಳಿಗೆ ಅಡಿಪಾಯ ಹಾಕಿದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ನೆಲೆ ಮಾಡಿದರು. ಅವರಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ ಬೇರೂರಿದ್ದ ಪಯಟಿಸಂ ಎಂಬ ಭಕ್ತಿ ಚಳವಳಿಯಲ್ಲಿ ಬೆಳೆದವರು. ಚರ್ಚಿಗೆ ಹೋಗಿ ಬಂದರಷ್ಟೇ ಸಾಲದು, ಪ್ರತಿಯೊಬ್ಬರೂ ದೇವರೆದುರು ತಾವೇ ನಿಲ್ಲಬೇಕು, ಮನೆಯಲ್ಲಿ ದಿನವೂ ಬೈಬಲ್ ಓದಿ ಪ್ರಾರ್ಥಿಸಬೇಕು, ನಾಲ್ಕಾರು ಜನ ಕೂಡಿ ತಮ್ಮ ಬದುಕನ್ನು ವಾಕ್ಯದ ಬೆಳಕಿನಲ್ಲಿ ನೋಡಿಕೊಳ್ಳಬೇಕು ಎಂಬುದೇ ಆ ಚಳವಳಿಯ ಉಸಿರಾಗಿತ್ತು. ನಮ್ಮ ಹಿರಿಯರು ರಾತ್ರಿ ಮನೆಮಂದಿಯನ್ನೆಲ್ಲ ಕೂಡಿಸಿ ನಡೆಸುತ್ತಿದ್ದ ಕುಟುಂಬ ಪ್ರಾರ್ಥನೆಯ ಬೇರು ಅಲ್ಲಿದೆ. ಆದ್ದರಿಂದ ನೀವು ಹುಡುಕುತ್ತಿರುವುದನ್ನು ಹೊರಗಿನಿಂದ ಎರವಲು ತರಬೇಕಾಗಿಲ್ಲ. ಅದು ನಿಮ್ಮ ಸಭೆಯೇ ಈ ನೆಲಕ್ಕೆ ತಂದು, ನಡುವೆ ಸಡಿಲಬಿಟ್ಟ ರೂಢಿ. ಸಡಿಲಬಿಟ್ಟದ್ದು ಸಣ್ಣ ವಿಷಯವಲ್ಲ, ಅದಕ್ಕೆ ನಾವು ಸಭಾಪಾಲಕರೂ ಹೊಣೆಗಾರರು.

ಇನ್ನು ಕಣ್ಣೀರಿನ ಮಾತು. ನಿಮ್ಮ ಗೆಳತಿಯ ಕಣ್ಣೀರನ್ನು ನೀವಾಗಲಿ ನಾನಾಗಲಿ ತೂಗಲು ಹೋಗಬಾರದು. 1ನೇ ಸಮುವೇಲದ ಮೊದಲ ಅಧ್ಯಾಯದಲ್ಲಿ ಹನ್ನಳು ಬಹಳ ಅತ್ತು ಪ್ರಾರ್ಥಿಸುತ್ತಾಳೆ. ತುಟಿ ಅಲುಗುತ್ತದೆ, ಧ್ವನಿ ಹೊರಡುವುದಿಲ್ಲ, ಅದನ್ನು ಕಂಡ ಯಾಜಕನಾದ ಏಲಿ ಅವಳು ಕುಡಿದಿದ್ದಾಳೆಂದು ತಿಳಿಯುತ್ತಾನೆ. ಪ್ರಾರ್ಥನೆಯನ್ನು ಹೊರಗಿನಿಂದ ನೋಡಿ ಅಳೆಯುವವರಿಗೆ ಆಗುವ ಗತಿ ಇದು, ಯಾಜಕನಾದರೂ ಅಷ್ಟೇ. ನೀವು ಈಗ ನಿಮ್ಮ ಪ್ರಾರ್ಥನೆಯನ್ನೇ ಹೊರಗೆ ನಿಂತು ಅಳೆಯುತ್ತಿದ್ದೀರಿ. ಸಂಬಂಧ ನಿಮ್ಮ ಭಾವದಿಂದ ಶುರುವಾಗಿದ್ದರೆ ಭಾವ ಬತ್ತಿದ ದಿನ ಅದು ಮುಗಿಯಬೇಕಿತ್ತು. ಆದರೆ ಯೋಹಾನನ ಮೊದಲನೆಯ ಪತ್ರಿಕೆ 4:19 ಹೇಳುವುದು ಬೇರೆ: ಆತನೇ ಮೊದಲು ನಮ್ಮನ್ನು ಪ್ರೀತಿಸಿದ್ದರಿಂದ ನಾವು ಪ್ರೀತಿಸುತ್ತೇವೆ. ನೀವು ಮಾತು ಬಾರದ ಕೂಸಾಗಿದ್ದಾಗ ನಿಮ್ಮ ತಲೆಯ ಮೇಲೆ ನೀರು ಬಿದ್ದದ್ದು ಅದಕ್ಕೇ ಗುರುತು. ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯದಲ್ಲಿ ಅಪೊಸ್ತಲನಾದ ಪೌಲನು ಇನ್ನೂ ಮುಂದೆ ಹೋಗಿ, ಹೇಗೆ ಪ್ರಾರ್ಥಿಸಬೇಕೆಂದು ನಮಗೆ ತಿಳಿಯದಿರುವಾಗ ಪವಿತ್ರಾತ್ಮನೇ ನಮಗಾಗಿ ಬೇಡಿಕೊಳ್ಳುತ್ತಾನೆ ಎನ್ನುತ್ತಾನೆ.

ನವಲಗುಂದ, ನರಗುಂದದ ಕಡೆಯ ಎರೆ ಹೊಲಗಳನ್ನು ಬಲ್ಲವರಿಗೆ ಹಿಂಗಾರಿ ಜೋಳದ ಬೆಳವಣಿಗೆ ಗೊತ್ತು. ಮಳೆ ಸುರಿಯುವಾಗ ಅದು ಬೆಳೆಯುವುದಿಲ್ಲ. ಮಳೆ ಹಿಂದೆ ಸರಿದ ಮೇಲೆ, ಕಪ್ಪು ಮಣ್ಣು ಒಳಗೆ ಹಿಡಿದಿಟ್ಟ ಹಸಿಯಲ್ಲಿ, ಚಳಿಗೆ ಮತ್ತು ಇಬ್ಬನಿಗೆ ಎತ್ತರವಾಗುತ್ತದೆ. ಕೂಟದಲ್ಲಿ ಸುರಿಯುವ ಭಾವವೂ ದೇವರ ಕೊಡುಗೆಯೇ ಇರಬಹುದು, ಆದರೆ ಬೆಳೆ ಬರುವುದು ಸೋಮವಾರದಿಂದ ಗುರುವಾರದವರೆಗೆ ಒಳಗೆ ಉಳಿದ ಹಸಿಯಿಂದ. ಮಾರ್ಕನ 4ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಬಿತ್ತುವವನ ಮಾತೂ ಇದೇ: ಅವನು ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ, ಬೀಜ ಹೇಗೆ ಬೆಳೆಯಿತೆಂದು ಅವನಿಗೇ ತಿಳಿಯದು.

ಆ ಹಸಿ ಉಳಿಯುವುದು ಹೇಗೆ? ನನ್ನ ಅನುಭವದಲ್ಲಿ ಸುಳ್ಳಿಲ್ಲದ ಮಾತಿನಿಂದ. ಬಾಯಿಪಾಠದ ಮಾತುಗಳು ಕೆಟ್ಟವಲ್ಲ. ಶಿಷ್ಯರು ಪ್ರಾರ್ಥನೆ ಕಲಿಸಿಕೊಡೆಂದು ಕೇಳಿದಾಗ ಯೇಸುಸ್ವಾಮಿಯೇ ಬಾಯಿಪಾಠ ಮಾಡಬಹುದಾದ ಪ್ರಾರ್ಥನೆಯನ್ನು ಕೊಟ್ಟನು. ಕೆಡುವುದು ಎಲ್ಲಿ ಎಂದರೆ, ಆ ಮಾತುಗಳ ಹಿಂದೆ ನಾವು ಅಡಗಿಕೊಂಡಾಗ. ನಿಮ್ಮ ಪತ್ರದಲ್ಲಿ ಒಂದು ಸಾಲು ಇತ್ತು, ಮೇಲೆ ಅಚ್ಚಾಗಿಲ್ಲ: ‘ಗೆಳತಿ ಅಳುವಾಗ ನನಗೆ ಹೊಟ್ಟೆಕಿಚ್ಚಾಗುತ್ತದೆ.’ ಇದನ್ನು ನನಗೆ ಬರೆದಿರಿ, ದೇವರಿಗೆ ಹೇಳಿದ್ದೀರಾ? ಅದನ್ನೇ ಹೇಳಿ. ‘ತಂದೆಯೇ, ನನಗೆ ಹೊಟ್ಟೆಕಿಚ್ಚಾಗಿದೆ, ನೀನು ಅವಳ ಕಡೆ ನೋಡಿ ನನ್ನ ಕಡೆ ನೋಡಲಿಲ್ಲವೆಂದು ಅನಿಸುತ್ತಿದೆ’ ಎನ್ನಿ. ಅಂದವಾದ ಹತ್ತು ಮಾತುಗಳಿಗಿಂತ ನಿಮ್ಮ ಈ ಒಂದು ಮಾತು ದೇವರಿಗೆ ಹತ್ತಿರದ್ದು. ಲೂಕನ 18ನೇ ಅಧ್ಯಾಯದ ಸುಂಕದವನ ಪ್ರಾರ್ಥನೆ ಒಂದೇ ಉಸಿರಿನಷ್ಟು ಉದ್ದವಿತ್ತು, ನೀತಿವಂತನೆನಿಸಿಕೊಂಡು ಮನೆಗೆ ಹೋದವನು ಅವನೇ.

ಹೀಗೆ ಮಾತಾಡಲು ಧೈರ್ಯ ಸಾಲದಿದ್ದರೆ ಬೈಬಲ್ಲಿನ ಕೀರ್ತನೆಗಳಿಂದ ಎರವಲು ಪಡೆಯಿರಿ. ಒಟ್ಟು 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಅಳಲಿನವು. 13ನೆಯದು ಆರೇ ವಚನಗಳದ್ದು. ಎಷ್ಟು ಕಾಲ ನನ್ನನ್ನು ಮರೆತಿರುವೆ ಎಂದು ದೇವರನ್ನೇ ಕೇಳುತ್ತ ಶುರುವಾಗಿ, ಹಾಡಿನಲ್ಲಿ ಮುಗಿಯುತ್ತದೆ. 88ನೆಯದು ಹಾಡಿನಲ್ಲಿ ಮುಗಿಯುವುದೂ ಇಲ್ಲ, ಕತ್ತಲೆಯಲ್ಲೇ ನಿಂತುಬಿಡುತ್ತದೆ. ಅದನ್ನೂ ದೇವರ ವಾಕ್ಯವೆಂದು ನಾವು ಸಭೆಯಲ್ಲಿ ಓದುತ್ತೇವೆ. ಇವುಗಳನ್ನು ಮನಸ್ಸಿನಲ್ಲಲ್ಲ, ಬಾಯಿಬಿಟ್ಟು ಓದಿ. ನಿಮಗೆ ಹಾಡುವ ಅಭ್ಯಾಸವಿದೆ, ನಿಮ್ಮ ಕಿವಿಗೆ ನಿಮ್ಮ ಧ್ವನಿ ಬೀಳಲಿ.

ವಾಕ್ಯ ಓದಲು ಮಾರ್ಕನ ಸುವಾರ್ತೆಯನ್ನು ಹಿಡಿಯಿರಿ. 16 ಅಧ್ಯಾಯಗಳ ಚಿಕ್ಕ ಸುವಾರ್ತೆ. ದಿನಕ್ಕೆ ಒಂದು ಪ್ರಸಂಗ ಸಾಕು, ಮುಗಿಸುವ ಆತುರ ಬೇಡ. ಚಿಗರಿ ಬಸ್ಸಿಗೆ ಹೊರಡುವ ಮೊದಲು ಹದಿನೈದು ನಿಮಿಷ ಮನೆಯಲ್ಲಿ ಒಂದೇ ಜಾಗದಲ್ಲಿ ಕುಳಿತು ಓದಿ, ಬಸ್ಸಿನಲ್ಲಿ ಅದನ್ನು ಮೆಲುಕು ಹಾಕಿ. 10ನೇ ಅಧ್ಯಾಯದ ಕೊನೆಗೆ ಬಂದಾಗ ಕುರುಡನಾದ ಬಾರ್ತಿಮಾಯನನ್ನು ಯೇಸುಸ್ವಾಮಿ ‘ನಿನಗೆ ಏನು ಮಾಡಬೇಕೆಂದು ಕೋರುತ್ತೀ’ ಎಂದು ಕೇಳುವ ಕಡೆ ನಿಲ್ಲಿ. ಕುರುಡನಿಗೆ ಏನು ಬೇಕೆಂದು ಸ್ವಾಮಿಗೆ ಗೊತ್ತಿರಲಿಲ್ಲವೇ? ಆದರೂ ಅವನ ಬಾಯಿಂದಲೇ ಕೇಳಬಯಸಿದನು. ಆ ಪ್ರಶ್ನೆಯನ್ನು ನಿಮಗೇ ಕೇಳಿದ್ದೆಂದು ತಿಳಿದು ಉತ್ತರ ಕೊಡಿ.

ಶುಕ್ರವಾರದ ಕೂಟವನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ‘ದೇವರು ಹೇಳಿದನು’ ಎಂಬ ಮಾತನ್ನು ಯಾರೇ ಆಡಲಿ, ಪರೀಕ್ಷಿಸದೆ ನಂಬಬೇಡಿರೆಂದು ಅಪೊಸ್ತಲನಾದ ಯೋಹಾನನೇ ಬರೆದಿದ್ದಾನೆ. ಬೆಳವಣಿಗೆಯ ಗುರುತನ್ನು ಗಲಾತ್ಯದವರಿಗೆ ಬರೆದ ಪತ್ರಿಕೆ 5:22 ಪ್ರೀತಿ, ಸಂತೋಷ, ಸಮಾಧಾನ ಎಂದು ಎಣಿಸುತ್ತದೆ, ಕಣ್ಣೀರನ್ನು ಎಣಿಸುವುದಿಲ್ಲ. ಅದು ನಿಮಗಿಂತ ಮೊದಲು ನಿಮ್ಮ ಮನೆಯವರಿಗೆ, ಕಚೇರಿಯ ಸಹೋದ್ಯೋಗಿಗಳಿಗೆ ಕಾಣುತ್ತದೆ. ರವಿವಾರದ ಆರಾಧನೆಯನ್ನೂ, ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನವನ್ನೂ ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ. ಭಾವ ಒಣಗಿದ ದಿನ ರೊಟ್ಟಿ ಕೈಗೆ ಬೀಳುತ್ತದೆ, ಅಂದು ನೀವು ಕೈ ಚಾಚಿದರೆ ಸಾಕು.

ಪ್ರಶ್ನೆ: ಗದಗ-ಬೆಟಗೇರಿಯಿಂದ ಬರೆಯುತ್ತಿದ್ದೇನೆ. ತಂದೆಯ ಮನೆಯ ಹಿಸ್ಸೆಯ ವಿಷಯದಲ್ಲಿ ನನಗೂ ಅಣ್ಣನಿಗೂ ಕೋರ್ಟಿನಲ್ಲಿ ದಾವೆ ನಡೆದಿದೆ. ನಮ್ಮ ತಾಯಿಯ ಬೈಬಲ್ಲನ್ನೂ ಅವನೇ ಇಟ್ಟುಕೊಂಡಿದ್ದಾನೆ. ಮನೆಯವರೆಲ್ಲರ ಹುಟ್ಟು, ದೀಕ್ಷಾಸ್ನಾನ, ಮದುವೆಯ ತಾರೀಖುಗಳನ್ನು ತಾಯಿ ಅದರ ಮೊದಲ ಪುಟದಲ್ಲಿ ಬರೆದಿಟ್ಟಿದ್ದಾರೆ. ಈಗ ಪ್ರಾರ್ಥನೆಗೆ ಕೂತರೆ ಅಣ್ಣನ ಮುಖವೇ ಅಡ್ಡ ಬರುತ್ತದೆ. ದಾವೆ ಹಿಂದಕ್ಕೆ ತೆಗೆದುಕೊಳ್ಳದೆ ದೇವರ ಹತ್ತಿರ ಹೋಗಲಾಗದೇ?

ಉತ್ತರ: ಸಹೋದರರೇ, ನಿಮ್ಮ ನ್ಯಾಯವಾದ ಹಿಸ್ಸೆ ಕೇಳುವುದು ತನ್ನಷ್ಟಕ್ಕೆ ಪಾಪವಲ್ಲ. ಅಣ್ಣನ ಮುಖ ಅಡ್ಡ ಬರುತ್ತಿರುವುದನ್ನು ಮಾತ್ರ ಅಡಚಣೆ ಎಂದು ತಿಳಿಯಬೇಡಿ. ದೇವರು ಮಾತಾಡಬೇಕೆಂದಿರುವ ವಿಷಯ ಅದೇ ಆಗಿರಬಹುದು. ಮತ್ತಾಯ 5:23-24ರಲ್ಲಿ ಯೇಸುಸ್ವಾಮಿ ಹೇಳಿದ್ದನ್ನು ನೆನೆಯಿರಿ: ಕಾಣಿಕೆಯನ್ನು ಯಜ್ಞವೇದಿಯ ಹತ್ತಿರ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನೊಡನೆ ಒಂದಾಗು. ಆ ನೆನಪು ಬರುವುದು ವೇದಿಯ ಬಳಿಯಲ್ಲೇ ಎಂಬುದನ್ನು ಗಮನಿಸಿ.

ಆದಿಕಾಂಡದ 32 ಮತ್ತು 33ನೇ ಅಧ್ಯಾಯಗಳನ್ನು ಒಂದೇ ಸಲಕ್ಕೆ ಕುಳಿತು ಓದಿ. ತಂದೆಯ ಆಶೀರ್ವಾದದ ಜಗಳದಲ್ಲಿ ಅಣ್ಣನಾದ ಏಸಾವನಿಂದ ಓಡಿಹೋದ ಯಾಕೋಬ ವರ್ಷಗಳ ಮೇಲೆ ಹಿಂದಿರುಗುವಾಗ, ಏಸಾವನೆಂದರೆ ನನಗೆ ಭಯ ಎಂದು ದೇವರಿಗೆ ನೇರವಾಗಿ ಹೇಳುತ್ತಾನೆ. ಯಬ್ಬೋಕ್ ಹೊಳೆಯ ದಡದಲ್ಲಿ ಇರುಳೆಲ್ಲ ಹೋರಾಡಿ, ಬೆಳಿಗ್ಗೆ ಕುಂಟುತ್ತಲೇ ಅಣ್ಣನ ಎದುರಿಗೆ ಹೋಗುತ್ತಾನೆ. ಏಸಾವ ಓಡಿಬಂದು ಅಪ್ಪಿಕೊಂಡಾಗ ಅವನ ಬಾಯಿಂದ ಬರುವ ಮಾತು, ನಿನ್ನ ಮುಖ ನೋಡಿದ್ದು ದೇವರ ಮುಖ ನೋಡಿದಂತಾಯಿತು ಎಂಬುದು.

ನಿಮ್ಮ ಮೂಲ ಪತ್ರದಲ್ಲಿ ಮನೆಯ ಅಳತೆ, ಸಿಟಿ ಸರ್ವೆ, ವಕೀಲರ ವಿಷಯ ಎರಡು ಸಾಲಿನಲ್ಲಿ ಮುಗಿದಿದೆ, ತಾಯಿಯ ಬೈಬಲ್ಲಿನ ವಿಷಯ ಒಂದು ಪುಟ ಇದೆ. ನಿಮ್ಮ ನೋವು ಎಲ್ಲಿದೆಯೆಂದು ನನಗೆ ಅದರಿಂದಲೇ ತಿಳಿಯಿತು. ಅದನ್ನು ಮೊದಲು ದೇವರ ಮುಂದೆ ಹೇಳಿ: ‘ಅವ್ವನ ಕೈಬರಹ ನನಗೆ ಬೇಕು, ಅದನ್ನು ಕಸಿದವನ ಮೇಲೆ ನನಗೆ ಸಿಟ್ಟಿದೆ.’ ಅನಂತರ ದಿನವೂ ಅಣ್ಣನ ಹೆಸರು ಹಿಡಿದು, ಅತ್ತಿಗೆಯ ಮತ್ತು ಮಕ್ಕಳ ಹೆಸರು ಹಿಡಿದು, ಅವರ ಒಳಿತನ್ನು ಬೇಡಿ. ಮನಸ್ಸು ಒಪ್ಪದಿದ್ದರೆ ಒಪ್ಪುತ್ತಿಲ್ಲವೆಂದೂ ಹೇಳಿಯೇ ಬೇಡಿ. ದಾವೆಯ ಮಾತೆತ್ತದೆ ಅಣ್ಣನಿಗೆ ಫೋನ್ ಮಾಡಿ, ಅವ್ವ ಬರೆದ ಆ ಪುಟದ ಫೋಟೋ ಒಂದನ್ನು ಕಳಿಸಣ್ಣಾ ಎಂದು ಕೇಳಬಹುದು. ಅವನು ಒಪ್ಪುತ್ತಾನೋ ಇಲ್ಲವೋ ಹೇಳಲಾಗದು. ರೋಮಾಪುರದವರಿಗೆ 12:18ರಲ್ಲಿ ಪೌಲನೂ ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ ಎಂದೇ ಬರೆದಿದ್ದಾನೆ. ಕೇಳುವುದು ನಿಮ್ಮಿಂದಾಗುವ ಕೆಲಸ.

ಪ್ರಶ್ನೆ: ರಾಣೆಬೆನ್ನೂರಿನವನು, ವಯಸ್ಸು ಎಪ್ಪತ್ತೆಂಟು. ಕಣ್ಣಿನ ನರ ಹೋಗಿ ಬೈಬಲ್ ಓದಲಾಗುತ್ತಿಲ್ಲ, ಈ ಪತ್ರವನ್ನೂ ಮೊಮ್ಮಗಳು ಬರೆದುಕೊಡುತ್ತಿದ್ದಾಳೆ. ಇನ್ನು ನನ್ನ ಬೆಳವಣಿಗೆ ನಿಂತಂತೆಯೇ?

ಉತ್ತರ: ಹಿರಿಯರೇ, ಇಲ್ಲ. ಕನ್ನಡದಲ್ಲಿ ಪೂರ್ತಿ ಬೈಬಲ್ ಅಚ್ಚಾದದ್ದು 1831ರಲ್ಲಿ, ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ. ಆ ಬಳಿಕವೂ ನಮ್ಮ ಸಭೆಗಳಲ್ಲಿ ಓದು ಬಾರದ ತಾಯಂದಿರು ಕೇಳಿ ಕೇಳಿಯೇ ದೇವರಲ್ಲಿ ಬೆಳೆದರು. ಈಗ ಕನ್ನಡ ಬೈಬಲ್ಲಿನ ಓದು ಮೊಬೈಲಿನಲ್ಲೂ ಕೇಳಸಿಗುತ್ತದೆ, ಆದರೆ ಸಾಧ್ಯವಾದಷ್ಟು ಮೊಮ್ಮಗಳಿಂದಲೇ ಓದಿಸಿ. ಅದರಿಂದ ಅವಳ ಬೆಳವಣಿಗೆಯೂ ಆಗುತ್ತದೆ. 23, 103, 121ನೇ ಕೀರ್ತನೆಗಳು ನಿಮಗೆ ಈಗಾಗಲೇ ಬಾಯಿಗೆ ಬರುತ್ತಿರಬಹುದು. ನಿದ್ದೆ ಬಾರದ ಹೊತ್ತಿನಲ್ಲಿ ಅವನ್ನು ಹೇಳುತ್ತ, ಸಭೆಯ ಒಂದೊಂದು ಮನೆಯನ್ನು ಹೆಸರು ಹಿಡಿದು ದೇವರ ಮುಂದೆ ಇಡಿ. ಲೂಕನ 2ನೇ ಅಧ್ಯಾಯದಲ್ಲಿ ದೇವಾಲಯ ಬಿಡದೆ ಹಗಲಿರುಳು ಪ್ರಾರ್ಥಿಸುತ್ತಿದ್ದ ಮುಪ್ಪಿನ ಅನ್ನಳು ಕೂಸಾದ ಕ್ರಿಸ್ತನನ್ನು ಗುರುತಿಸಿದವರಲ್ಲಿ ಒಬ್ಬಳು. ಓಡಾಡುವ ನಮಗೆ ಹೊತ್ತು ಸಿಗದ ಸೇವೆ ಇದು, ನಿಮ್ಮಿಂದ ನಾವು ಅದನ್ನು ಬೇಡುತ್ತೇವೆ.

ಪ್ರಶ್ನೆ: ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೇನೆ. ಕೋಣೆಯಲ್ಲಿ ನಾಲ್ವರು, ಬೇರೆ ಯಾರೂ ಕ್ರೈಸ್ತರಲ್ಲ. ಏಕಾಂತವೂ ಇಲ್ಲ, ಎಲ್ಲರೆದುರು ಮೊಣಕಾಲೂರಲು ಸಂಕೋಚ. ಏನು ಮಾಡಲಿ?

ಉತ್ತರ: ತಮ್ಮಾ, ಮೊಣಕಾಲೂರಿದರೆ ಮಾತ್ರ ಪ್ರಾರ್ಥನೆ ಎಂದೇನಿಲ್ಲ. ಯೇಸುಸ್ವಾಮಿ ಹೊತ್ತು ಮೂಡುವ ಮೊದಲೇ ಎದ್ದು ಊರ ಹೊರಗಿನ ಅಡವಿಯ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನೆಂದು ಮಾರ್ಕ 1:35 ಹೇಳುತ್ತದೆ. ನಿನಗೆ ಕೆಲಗೇರಿ ಕೆರೆಯ ದಂಡೆಯಿದೆ, ವಿಶ್ವವಿದ್ಯಾಲಯದ ಆವರಣದ ಮರಗಳ ಸಾಲಿದೆ. ಬೆಳಿಗ್ಗೆ ಅರ್ಧ ಗಂಟೆ ನಡೆಯುತ್ತ, ಯೇಸುಸ್ವಾಮಿ ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆಯನ್ನು ಮೆಲುದನಿಯಲ್ಲಿ ಹೇಳುತ್ತ ಅದರ ಒಂದೊಂದು ಬಿನ್ನಹಕ್ಕೂ ನಿಂತು, ಅದಕ್ಕೆ ನಿನ್ನ ಆ ದಿನದ ಮಾತನ್ನು ಸೇರಿಸು. ಮೊಬೈಲನ್ನು ಕೋಣೆಯಲ್ಲೇ ಬಿಟ್ಟು ಹೋಗು. ಗೆಳೆಯರು ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರೆ ಪ್ರಾರ್ಥನೆಗೆ ಹೋಗಿದ್ದೆ ಎಂದು ನೇರವಾಗಿ ಹೇಳಿಬಿಡು. ಅವರಲ್ಲೂ ಪೂಜೆ ಮಾಡಿ, ನಮಾಜು ಮಾಡಿ ಬೆಳೆದವರೇ ಇರುವುದರಿಂದ ನಿನ್ನ ಮಾತು ಅವರಿಗೆ ಅರ್ಥವಾಗುತ್ತದೆ. ರವಿವಾರ ಹತ್ತಿರದ ಸಭೆಗೆ ಹೋದಾಗ ನಿನ್ನ ವಯಸ್ಸಿನ ಒಬ್ಬನನ್ನಾದರೂ ಮಾತಾಡಿಸಿ, ವಾರದಲ್ಲಿ ಒಂದು ದಿನ ಕೂಡಿ ನಡೆಯೋಣವೇ ಎಂದು ಕೇಳಿ ನೋಡು.