ಧ್ವಜ ಕಾಪಾಡಿದ ಕಾರ್ನಿ ಮತ್ತು ತಡವಾಗಿ ಬಂದ ಪದಕ

ಪ್ರಶ್ನೆ: ಅಮೆರಿಕದ ಅಂತರ್ಯುದ್ಧದಲ್ಲಿ ಧ್ವಜ ಕಾಪಾಡಿದ ವಿಲಿಯಂ ಕಾರ್ನಿಯವರು ಅಲ್ಲಿನ ಅತ್ಯುನ್ನತ ಸೇನಾ ಪದಕವಾದ ‘ಮೆಡಲ್ ಆಫ್ ಆನರ್’ ಪಡೆದ ಮೊದಲ ಕಪ್ಪು ಸೈನಿಕರೇ? ಪದಕ ಅಷ್ಟು ತಡವಾಗಿ ಬಂದದ್ದು ವರ್ಣಭೇದದಿಂದಲೇ?

ಉತ್ತರ: ಮೊದಲಿಗರೆಂಬ ಮಾತು ಅರ್ಧ ಮಾತ್ರ ಸರಿ. ಈ ಪದಕಕ್ಕೆ ಪಾತ್ರವಾದ ಕಪ್ಪು ಸೈನಿಕರ ಸಾಹಸಗಳಲ್ಲಿ ಕಾರ್ನಿಯವರದು ಎಲ್ಲಕ್ಕಿಂತ ಹಿಂದಿನದೆಂದು ಪರಿಗಣಿಸಲಾಗಿದೆ; ಆದರೆ ಪದಕ ಅವರಿಗೆ ಸಂದದ್ದು 1900ರ ಮೇ ತಿಂಗಳಿನಲ್ಲಿ. ಅಷ್ಟರೊಳಗೆ ಹಲವರು ಅದನ್ನು ಪಡೆದಾಗಿತ್ತು. 1864ರ ಸೆಪ್ಟೆಂಬರಿನಲ್ಲಿ ವರ್ಜೀನಿಯಾದ ನ್ಯೂ ಮಾರ್ಕೆಟ್ ಹೈಟ್ಸ್‌ನಲ್ಲಿ ನಡೆದ ಕದನಕ್ಕಾಗಿ 14 ಮಂದಿ ಕಪ್ಪು ಸೈನಿಕರಿಗೆ ಈ ಗೌರವ ದೊರೆತಿದ್ದು, ಅವರಲ್ಲಿ ಹೆಚ್ಚಿನವರಿಗೆ ಮರುವರ್ಷವೇ ಪದಕ ಬಂದಿತ್ತು.

ಕಾರ್ನಿ 1840ರಲ್ಲಿ ವರ್ಜೀನಿಯಾದ ನಾರ್ಫೋಕ್‌ನಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿದವರು. ಮುಂದೆ ಅವರ ಕುಟುಂಬ ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂ ಬೆಡ್‌ಫರ್ಡ್‌ನಲ್ಲಿ ನೆಲೆಸಿತು. ಅಲ್ಲಿಂದಲೇ ಅವರು 1863ರಲ್ಲಿ ಒಕ್ಕೂಟ ಸರ್ಕಾರದ ಸೇನೆಯ ಕಪ್ಪು ಸೈನಿಕರ ದಳವಾದ 54ನೇ ಮ್ಯಾಸಚೂಸೆಟ್ಸ್ ಕಾಲಾಳು ದಳವನ್ನು ಸೇರಿದರು. ಅದೇ ವರ್ಷ ಜುಲೈ 18ರ ಸಂಜೆ ದಕ್ಷಿಣ ಕೆರೊಲಿನಾದ ಮಾರಿಸ್ ದ್ವೀಪದಲ್ಲಿ, ಒಕ್ಕೂಟದಿಂದ ಬೇರ್ಪಟ್ಟ ದಕ್ಷಿಣದ ರಾಜ್ಯಗಳ ವಶದಲ್ಲಿದ್ದ ವ್ಯಾಗ್ನರ್ ಕೋಟೆಯ ಮೇಲೆ ಈ ದಳ ಮುನ್ನುಗ್ಗಿದಾಗ ಧ್ವಜ ಹಿಡಿದಿದ್ದವನು ಗುಂಡೇಟಿಗೆ ಉರುಳಿದ. ಕಾರ್ನಿ ಧ್ವಜವನ್ನು ಕೈಗೆತ್ತಿಕೊಂಡು ಕೋಟೆಯ ಗೋಡೆಯವರೆಗೂ ಹೋದರು. ದಾಳಿ ವಿಫಲವಾಯಿತು, ದಳಪತಿ ಕರ್ನಲ್ ರಾಬರ್ಟ್ ಗೌಲ್ಡ್ ಶಾ ಅಲ್ಲಿಯೇ ಮಡಿದರು. ಮೈಯಲ್ಲಿ ಹಲವು ಗಾಯಗಳಾಗಿದ್ದರೂ ಕಾರ್ನಿ ಧ್ವಜವನ್ನು ಶತ್ರುಗಳ ಕೈಗೆ ಸಿಗಗೊಡದೆ ತಮ್ಮವರ ಸಾಲಿಗೆ ತಂದೊಪ್ಪಿಸಿ, ಅದು ನೆಲ ಮುಟ್ಟಲಿಲ್ಲವೆಂದರಂತೆ. ಕೋಟೆ ಗೆಲ್ಲದಿದ್ದಾಗಲೂ ಧ್ವಜ ಉಳಿದದ್ದಕ್ಕೆ ಇಷ್ಟು ಮಹತ್ವವೇಕೆಂದು ಇಂದು ಅನಿಸಬಹುದು. ಹೊಗೆ ತುಂಬಿದ ರಣರಂಗದಲ್ಲಿ ಚದುರಿದ ಸೈನಿಕರು ಮತ್ತೆ ಒಂದುಗೂಡಲು ಕಣ್ಣಿಗೆ ಕಾಣುವ ಗುರುತು ಅದೇ ಆಗಿತ್ತು.

ವಿಳಂಬಕ್ಕೆ ವರ್ಣಭೇದವೊಂದೇ ಕಾರಣವೆಂದು ನಾವು ಹೇಳಲಾರೆವು. ಆ ಯುದ್ಧದ ಅನೇಕ ಪದಕಗಳು 1890ರ ದಶಕದಲ್ಲಿಯೇ ಮಂಜೂರಾದವು. ಗೆಟಿಸ್‌ಬರ್ಗ್‌ನಲ್ಲಿ ಹೋರಾಡಿದ ಜೋಶುವಾ ಚೇಂಬರ್ಲೇನ್ ಎಂಬ ಬಿಳಿಯ ಅಧಿಕಾರಿಯೂ 1893ರವರೆಗೆ ಕಾಯಬೇಕಾಯಿತು. ಭೇದಭಾವವನ್ನು ನೋಡಬೇಕಾದದ್ದು ಸಂಬಳದ ಪಟ್ಟಿಯಲ್ಲಿ. ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರ್ ಇದ್ದರೆ ಕಪ್ಪು ಸಿಪಾಯಿಗೆ 10 ಡಾಲರ್, ಅದರಲ್ಲಿಯೂ ಬಟ್ಟೆಯ ಲೆಕ್ಕಕ್ಕೆ 3 ಡಾಲರ್ ಮುರಿದುಕೊಳ್ಳುತ್ತಿದ್ದರು. 54ನೇ ದಳದವರು ಈ ಸಂಬಳವನ್ನು ಮುಟ್ಟದೆಯೇ ಹೋರಾಡಿದರು. ಸಮಾನ ವೇತನಕ್ಕೆ ಅಮೆರಿಕದ ಸಂಸತ್ತು ಒಪ್ಪಿದ್ದು 1864ರ ಜೂನ್‌ನಲ್ಲಿ.

ಗಾಯಗಳ ಕಾರಣ 1864ರಲ್ಲಿ ಸೇನೆಯಿಂದ ಬಿಡುಗಡೆಯಾದ ಕಾರ್ನಿ, ನ್ಯೂ ಬೆಡ್‌ಫರ್ಡ್‌ನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಅಂಚೆಯವರಾಗಿ ದುಡಿದರು. ಪದಕ ಬಂದಾಗಲೂ ಅವರು ಅದೇ ಕೆಲಸದಲ್ಲಿದ್ದರು. ನಂತರ ಬಾಸ್ಟನ್‌ನ ರಾಜ್ಯ ಶಾಸನಭವನದಲ್ಲಿ ಸಂದೇಶವಾಹಕರಾಗಿದ್ದು, ಅಲ್ಲಿನ ಲಿಫ್ಟ್ ಅಪಘಾತದಲ್ಲಿ ಗಾಯಗೊಂಡು 1908ರ ಡಿಸೆಂಬರಿನಲ್ಲಿ ತೀರಿಕೊಂಡರು.