ಪ್ರತಿಕ್ರಿಯೆ: ಡೇಟಾ ಕಮ್ಮಿ ಇದ್ರೆ ಸಿಮ್ಯುಲೇಶನ್ ಮಾಡ್ಬಹುದಾ?

ಪೇಟೆಂಟ್ ಡೇಟಾನೇ ಸರಿಯಾಗಿ ಸಿಗದ ಬಡ ದೇಶಗಳ ಇನೊವೇಶನ್ ಬಗ್ಗೆ ಸಿಮ್ಯುಲೇಶನ್ (ಕಂಪ್ಯೂಟರಲ್ಲಿ ಅನುಕರಿಸಿ ನೋಡೋದು) ಇಟ್ಕೊಂಡು ಪಿಎಚ್‌ಡಿ ಮಾಡ್ಬಹುದಾ ಅಂತ ಕೇಳಿದೀರಲ್ಲ, ಖಂಡಿತ ಮಾಡ್ಬಹುದು, ಆದ್ರೆ ಪೇಟೆಂಟ್ ಲೆಕ್ಕ ಹಿಡ್ಕೊಂಡು ಹೊರಡ್ಬೇಡಿ. ಅಲ್ಲಿ ಬಹುಪಾಲು ಹೊಸತನ ನಡೆಯೋದು ಹೊರಗಿಂದ ಬಂದ ಟೆಕ್ನಾಲಜಿನ ಕಲಿತು, ನಕಲು ಮಾಡಿ, ತಮ್ಮ ಅಗತ್ಯಕ್ಕೆ ತಿದ್ಕೊಳ್ಳೋದ್ರಲ್ಲಿ, ಅದ್ರಲ್ಲಿ ಹೆಚ್ಚಿನದು ಪೇಟೆಂಟ್ ಆಫೀಸಿಗೆ ಹೋಗಲ್ಲ. ಹಾಗಾಗಿ ಏಜೆಂಟ್ ಬೇಸ್ಡ್ ಮಾಡೆಲ್ (ಪ್ರತಿ ಸಂಸ್ಥೆನೂ ತನ್ನದೇ ನಿಯಮದಂತೆ ನಡ್ಕೊಳ್ಳೋ ಹಾಗೆ ಕಂಪ್ಯೂಟರಲ್ಲಿ ಕಟ್ಟೋ ಮಾದರಿ) ತಗೊಂಡು ಪ್ರತಿ ಸಂಸ್ಥೆಗೂ ಒಂದು ಕಲಿಯೋ ಸಾಮರ್ಥ್ಯ ಕೊಡಿ (ಸಂಶೋಧಕರಾದ ಕೋಹೆನ್, ಲೆವಿಂಥಾಲ್ 1990ರಲ್ಲಿ ಹೇಳಿದ್ದು ಇದನ್ನೇ, ಮೊದಲೇ ಒಂದಿಷ್ಟು ಗೊತ್ತಿದ್ದವರಿಗೇ ಹೊರಗಿನ ಜ್ಞಾನ ದಕ್ಕೋದು ಅಂತ), ಸಾಲ ಸಿಗುತ್ತೋ ಇಲ್ವೋ, ಯಾರ ಜೊತೆ ಸಂಪರ್ಕ ಇದೆ, ನೋಂದಣಿ ಆಗಿದ್ಯಾ ಇಲ್ವಾ ಇದನ್ನೂ ಸೇರ್ಸಿ. ನನ್ನ ಪ್ರಕಾರ ಅನೌಪಚಾರಿಕ ವಲಯ (ನೋಂದಣಿ ಆಗದ ಉದ್ಯಮಗಳು) ಬಿಟ್ಟು ಕಟ್ಟಿದ ಮಾಡೆಲ್ ಅರ್ಧಂಬರ್ಧನೇ.

ಅರ್ಥಶಾಸ್ತ್ರಜ್ಞರಾದ ನೆಲ್ಸನ್, ವಿಂಟರ್ ತಮ್ಮ 1982ರ ಪುಸ್ತಕದಲ್ಲೇ ಸಂಸ್ಥೆಗಳು ಹೊಸ ವಿಧಾನ ಹುಡುಕೋದು, ನಕಲು ಮಾಡೋದನ್ನ ಸಿಮ್ಯುಲೇಟ್ ಮಾಡಿದ್ರು, ಅಲ್ಲಿಂದ ಓದಿ. ಟೂಲ್ ನೆಟ್‌ಲೋಗೋ (ಇಂಥ ಮಾಡೆಲ್ ಕಟ್ಟೋ ಸಾಫ್ಟ್‌ವೇರ್) ಸಾಕು, ಫ್ರೀ. ಒಂದೇ ರನ್ ನಂಬ್ಬೇಡಿ, ರ‍್ಯಾಂಡಮ್ ಸೀಡ್ (ಯಾದೃಚ್ಛಿಕ ಸಂಖ್ಯೆಗಳು ಶುರುವಾಗೋ ಅಂಕಿ) ಬದಲಿಸ್ತಾ ನೂರಾರು ಸಲ ಓಡ್ಸಿ, ಗೊತ್ತಿಲ್ಲದ ಪ್ಯಾರಾಮೀಟರ್‌ಗಳಿಗೆ ಒಂದು ರೇಂಜ್ ಕೊಟ್ಟು ಯಾವ್ದು ಬದಲಾದ್ರೆ ಫಲಿತಾಂಶ ತಲೆಕೆಳಗಾಗುತ್ತೆ ನೋಡಿ, ಫೀಲ್ಡ್ ಸರ್ವೆಗೆ ಇರೋ ದುಡ್ಡನ್ನ ಅದನ್ನ ಅಳೆಯೋಕೇ ಖರ್ಚು ಮಾಡಿ.