ಹವಾಮಾನ ಬದಲಾವಣೆ, ಸಂಪನ್ಮೂಲಗಳ ಕೊರತೆ: ದೇಶದ ಭದ್ರತೆಗೆ ಯಾವುದು ದೊಡ್ಡ ಅಪಾಯ? ಪ್ರಬಂಧಕ್ಕೆ ಯಾವುದನ್ನು ಆರಿಸಿಕೊಳ್ಳಲಿ?

ಈ ಎರಡರಲ್ಲಿ ಒಂದನ್ನು ಆರಿಸಿಕೊಂಡು ಸಂಶೋಧನೆಗೆ ಇಳಿದವರಲ್ಲಿ ನಾನೂ ಒಬ್ಬಳು. ನಾನು ಹವಾಮಾನವನ್ನು ಆರಿಸಿಕೊಂಡೆ. ಬರ ಬೀಳುತ್ತದೆ, ಬೆಳೆ ಒಣಗುತ್ತದೆ, ರೈತ ಪಟ್ಟಣ ಸೇರುತ್ತಾನೆ, ಅಲ್ಲಿ ಕೆಲಸ ಸಿಗದೆ ಅವನ ಮಗ ಬಂದೂಕು ಹಿಡಿಯುತ್ತಾನೆ: ಇದು ನನ್ನ ಪಿಎಚ್‌ಡಿ ಪ್ರಬಂಧದ ವಾದವಾಗಿತ್ತು. ಸುಡಾನಿನ ಪಶ್ಚಿಮದ ಡಾರ್ಫರ್, ಆಫ್ರಿಕಾದ ಚಾಡ್ ಸರೋವರದ ಸುತ್ತಲಿನ ಪ್ರದೇಶ ಮತ್ತು ಸಿರಿಯಾ ನನ್ನ ಮೂರು ಉದಾಹರಣೆಗಳು. ಆಗ ಗಾಳಿಯೂ ನನ್ನ ಕಡೆಗೇ ಬೀಸುತ್ತಿತ್ತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2007ರ ಏಪ್ರಿಲ್‌ನಲ್ಲಿ ಮೊದಲ ಬಾರಿಗೆ ಹವಾಮಾನವನ್ನು ಭದ್ರತೆಯ ವಿಷಯವಾಗಿ ಚರ್ಚಿಸಿತ್ತು. ಅದೇ ವರ್ಷ ಆಗಿನ ಮಹಾಕಾರ್ಯದರ್ಶಿ ಬಾನ್ ಕಿ-ಮೂನ್ ಅವರು ಡಾರ್ಫರ್ ಸಂಘರ್ಷದ ಬೇರುಗಳಲ್ಲಿ ಹವಾಮಾನ ಬದಲಾವಣೆಯೂ ಇದೆಯೆಂದು ಪತ್ರಿಕೆಯೊಂದರಲ್ಲಿ ಬರೆದಿದ್ದರು. ಇಷ್ಟು ದೊಡ್ಡವರೇ ಹೇಳಿದ ಮೇಲೆ ಇನ್ನೇನು ಪರೀಕ್ಷಿಸುವುದಿದೆ ಎಂಬ ಧೈರ್ಯ ನನ್ನದು.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರು: "ಅದೇ ಬರ ಜೋರ್ಡಾನಿಗೂ ಬಂದಿತ್ತಲ್ಲ, ಅಲ್ಲೇಕೆ ಅಂತರ್ಯುದ್ಧ ಆಗಲಿಲ್ಲ?" ನನ್ನಲ್ಲಿ ಉತ್ತರವಿರಲಿಲ್ಲ. ಜೋರ್ಡಾನ್ ಜಗತ್ತಿನಲ್ಲೇ ಅತಿ ಕಡಿಮೆ ನೀರಿರುವ ದೇಶಗಳಲ್ಲೊಂದು ಎಂಬುದು ನನಗೆ ಗೊತ್ತಿತ್ತು, ಅದು ಲಕ್ಷಾಂತರ ಸಿರಿಯನ್ ನಿರಾಶ್ರಿತರಿಗೆ ಜಾಗ ಕೊಟ್ಟದ್ದೂ ಗೊತ್ತಿತ್ತು. ಆದರೆ ಅಲ್ಲಿ ಯುದ್ಧವಾಗಿರಲಿಲ್ಲವಾದ್ದರಿಂದ ನನ್ನ ಪ್ರಬಂಧದಲ್ಲಿ ಅದಕ್ಕೆ ಒಂದು ಸಾಲೂ ಮೀಸಲಿರಲಿಲ್ಲ. ಪ್ರಬಂಧ ತಿರಸ್ಕೃತವಾಯಿತು. ಅದನ್ನು ಹೊಸದಾಗಿ ಬರೆಯುವಷ್ಟರಲ್ಲಿ ಶಿಷ್ಯವೇತನದ ಅವಧಿ ಮುಗಿದಿತ್ತು, ಬಹುತೇಕ ಖಚಿತವಾಗಿದ್ದ ಅಧ್ಯಾಪಕ ಹುದ್ದೆ ಬೇರೊಬ್ಬರ ಪಾಲಾಗಿತ್ತು.

ಈ ತಪ್ಪನ್ನು ಸ್ವಲ್ಪ ಉದ್ದವಾಗಿಯೇ ವಿವರಿಸುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಕೆಳಗೆ ನೀವು ಕೊಟ್ಟಿರುವ ಉದಾಹರಣೆಗಳೂ ಯುದ್ಧ ನಡೆದ ದೇಶಗಳವೇ. ನಾನು ಮೊದಲು ಯುದ್ಧಗಳನ್ನು ಆರಿಸಿಕೊಂಡೆ, ಆಮೇಲೆ ಹಿಂದಕ್ಕೆ ನಡೆದು ಅಲ್ಲಿ ಬರ ಇತ್ತೇ ಎಂದು ಹುಡುಕಿದೆ, ಇದ್ದೇ ಇತ್ತು. ಇದು ಆಸ್ಪತ್ರೆಯಲ್ಲಿ ಮಲಗಿದವರನ್ನು ಮಾತ್ರ ಮಾತನಾಡಿಸಿ, ಮಳೆಯಲ್ಲಿ ನೆನೆದವರಿಗೆಲ್ಲ ಜ್ವರ ಬರುತ್ತದೆಂದು ತೀರ್ಪು ಕೊಟ್ಟಂತೆ. ಬರ ಯುದ್ಧಕ್ಕೆ ಕಾರಣವೆನ್ನಬೇಕಾದರೆ ಬರ ಬಂದು ಯುದ್ಧವಾಗದ ದೇಶಗಳು, ಬರವಿಲ್ಲದೆಯೇ ಯುದ್ಧವಾದ ದೇಶಗಳು, ಎರಡೂ ಇಲ್ಲದ ದೇಶಗಳು ಎಲ್ಲವೂ ಲೆಕ್ಕಕ್ಕೆ ಬರಬೇಕು. ನನ್ನ ಬಳಿ ಇದ್ದದ್ದು ನಾಲ್ಕು ಬಗೆಗಳಲ್ಲಿ ಒಂದು ಮಾತ್ರ: ಬರವೂ ಯುದ್ಧವೂ ಇದ್ದ ದೇಶಗಳು. ಮೂರರ ಬದಲು ಮೂವತ್ತು ಯುದ್ಧಗಳನ್ನು ಸೇರಿಸಿದ್ದರೂ ದೋಷ ಹೋಗುತ್ತಿರಲಿಲ್ಲ, ಏಕೆಂದರೆ ಅದು ಸಂಖ್ಯೆಯದಲ್ಲ, ಆಯ್ಕೆಯದು. 2018ರಲ್ಲಿ ನೇಚರ್ ಕ್ಲೈಮೇಟ್ ಚೇಂಜ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯು ಈ ಕ್ಷೇತ್ರದ ಬಹಳಷ್ಟು ಸಂಶೋಧನೆಯಲ್ಲಿ ಇದೇ ಚಾಳಿಯಿರುವುದನ್ನು, ಅಂದರೆ ಸಂಘರ್ಷ ಈಗಾಗಲೇ ಇರುವ ಮತ್ತು ಸಂಶೋಧಕರಿಗೆ ಅನುಕೂಲವಾಗಿರುವ ದೇಶಗಳನ್ನೇ ಮತ್ತೆ ಮತ್ತೆ ಅಧ್ಯಯನ ಮಾಡುವುದನ್ನು, ತೋರಿಸಿಕೊಟ್ಟಿತು. ಅದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ.

ಎರಡನೆಯ ಸಲ ಸಿರಿಯಾವನ್ನು ಓದಿದಾಗ ಕಂಡದ್ದು ಬೇರೆಯೇ ಚಿತ್ರ. 2006ರ ಚಳಿಗಾಲದಿಂದ ಆರಂಭವಾದ ಬರ ನಿಜಕ್ಕೂ ಭೀಕರವಾಗಿತ್ತು, ಆದರೆ ಅದಕ್ಕೂ ಮುನ್ನ ದಶಕಗಳ ಕಾಲ ಸರ್ಕಾರವೇ ಗೋಧಿ ಮತ್ತು ಹತ್ತಿಯ ನೀರಾವರಿ ಬೇಸಾಯಕ್ಕೆ ಉತ್ತೇಜನ ಕೊಟ್ಟು ಅಂತರ್ಜಲವನ್ನು ಬರಿದು ಮಾಡಿಸಿತ್ತು. ರೈತ ಬಾವಿಯ ಪಂಪಿಗೆ ಡೀಸೆಲ್ ಸುರಿಯಲೇಬೇಕಾದ ಹೊತ್ತಿನಲ್ಲಿ, 2008ರಲ್ಲಿ, ಡೀಸೆಲ್ ಮೇಲಿನ ಸಬ್ಸಿಡಿಯನ್ನು ಒಮ್ಮೆಗೇ ಕಡಿತಗೊಳಿಸಲಾಯಿತು. ಬರ ಹೆಚ್ಚು ಕಾಡಿದ್ದು ಈಶಾನ್ಯದ ಹಸಕೆ ಪ್ರಾಂತ್ಯವನ್ನು. 2011ರ ಮಾರ್ಚ್‌ನಲ್ಲಿ ಬೆಂಕಿ ಹೊತ್ತಿದ್ದು ದಕ್ಷಿಣದ ತುದಿಯ ದರಾದಲ್ಲಿ, ಗೋಡೆಬರಹಕ್ಕಾಗಿ ಹುಡುಗರನ್ನು ಬಂಧಿಸಿದ್ದರ ವಿರುದ್ಧ. ಬರಕ್ಕೆ ಪಾತ್ರವೇ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ವಿದ್ವಾಂಸರು ಅದರ ಪ್ರಮಾಣದ ಬಗ್ಗೆ ಇನ್ನೂ ಜಗಳವಾಡುತ್ತಿದ್ದಾರೆ. ಆದರೆ ನನ್ನ ನೇರ ಗೆರೆ ಅಲ್ಲಿಗೆ ಮುರಿದುಬಿತ್ತು.

ಆದ್ದರಿಂದ "ಯಾವುದು ದೊಡ್ಡ ಅಪಾಯ" ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹವಾಮಾನವೂ ಕೊರತೆಯೂ ಅಕ್ಕಪಕ್ಕ ನಿಲ್ಲಿಸಿ ಎತ್ತರ ಅಳೆಯುವ ಎರಡು ಶತ್ರುಗಳಲ್ಲ. ಎರಡೂ ಪ್ರಭುತ್ವದ ಮೂಲಕ ಹಾದುಬರುತ್ತವೆ, ಹಾದುಬರುವಾಗ ರೂಪ ಬದಲಿಸುತ್ತವೆ. 1970ರ ನವೆಂಬರ್‌ನಲ್ಲಿ ಪೂರ್ವ ಪಾಕಿಸ್ತಾನಕ್ಕೆ ಅಪ್ಪಳಿಸಿದ ಭೋಲಾ ಚಂಡಮಾರುತದಲ್ಲಿ ಕನಿಷ್ಠ 3 ಲಕ್ಷ ಜನ ಸತ್ತರೆಂಬ ಅಂದಾಜಿದೆ; ಪರಿಹಾರದಲ್ಲಿ ಪಾಕಿಸ್ತಾನದ ಕೇಂದ್ರ ಸರ್ಕಾರ ತೋರಿದ ಉದಾಸೀನ ಮೊದಲೇ ಕುದಿಯುತ್ತಿದ್ದ ಸಿಟ್ಟನ್ನು ಉಕ್ಕಿಸಿತು, ಮರುತಿಂಗಳ ಚುನಾವಣೆಯಲ್ಲಿ ಪೂರ್ವಕ್ಕೆ ಸ್ವಾಯತ್ತತೆ ಕೇಳುತ್ತಿದ್ದ ಅವಾಮಿ ಲೀಗ್ ಪಕ್ಷ ಅಲ್ಲಿ ಹೆಚ್ಚುಕಡಿಮೆ ಎಲ್ಲ ಸ್ಥಾನಗಳನ್ನೂ ಗೆದ್ದಿತು, 1971ರಲ್ಲಿ ದೇಶವೇ ಒಡೆಯಿತು. 2008ರ ಮೇ ತಿಂಗಳಲ್ಲಿ ಮ್ಯಾನ್ಮಾರ್‌ನ ಮೇಲೆರಗಿದ ನರ್ಗೀಸ್ ಚಂಡಮಾರುತಕ್ಕೆ ಲಕ್ಷಕ್ಕೂ ಹೆಚ್ಚು ಜನ ಬಲಿಯಾದರು. ಅಲ್ಲಿನ ಸೇನಾಡಳಿತ ಅದೇ ತಿಂಗಳು ತನ್ನ ಸಂವಿಧಾನಕ್ಕೆ ಜನಮತಗಣನೆಯನ್ನೂ ನಡೆಸಿತು, ಕುರ್ಚಿಯನ್ನೂ ಉಳಿಸಿಕೊಂಡಿತು. ಗಾಳಿಯ ವೇಗ ನೋಡಿ ಈ ವ್ಯತ್ಯಾಸವನ್ನು ಯಾರೂ ಊಹಿಸಲಾರರು.

ಕೊರತೆಯ ವಿಚಾರದಲ್ಲೂ ಹೀಗೆಯೇ. ಪ್ರಬಲ ಅಯಸ್ಕಾಂತ, ಎಲೆಕ್ಟ್ರಾನಿಕ್ ಉಪಕರಣಗಳಿಗೆ ಬೇಕಾದ ರೇರ್ ಅರ್ಥ್ (ಅಪರೂಪದ) ಲೋಹಗಳು ಹೆಸರಿಗಷ್ಟೇ ಅಪರೂಪ, ನೆಲದಡಿಯಲ್ಲಿ ಅವು ಹಲವು ದೇಶಗಳಲ್ಲಿವೆ. ಆದರೆ ಅವುಗಳನ್ನು ಶುದ್ಧೀಕರಿಸುವ ಕೆಲಸ ಬಹುಪಾಲು ಚೀನಾದ ಕೈಯಲ್ಲಿರುವುದರಿಂದ, 2010ರಲ್ಲಿ ಜಪಾನ್ ಮತ್ತು ಚೀನಾ ಎರಡೂ ತಮ್ಮದೆನ್ನುವ ಸೆಂಕಾಕು ದ್ವೀಪಗಳ ಬಳಿ ಒಂದು ಚೀನೀ ಮೀನುಗಾರಿಕಾ ದೋಣಿಯ ಬಗ್ಗೆ ಎದ್ದ ತಕರಾರು ಪೂರೈಕೆಗೆ ಅಡ್ಡಿಯಾಗಿ ಜಪಾನಿನ ಕಾರ್ಖಾನೆಗಳನ್ನೇ ಕಂಗಾಲು ಮಾಡಿತು. 1973ರಲ್ಲಿ ಅರಬ್ ದೇಶಗಳು ತೈಲ ನಿರ್ಬಂಧ ಹೇರಿ, ಬೆಲೆ ಸುಮಾರು ನಾಲ್ಕು ಪಟ್ಟು ಏರಿದಾಗಲೂ ನೆಲದಡಿಯ ತೈಲ ಬತ್ತಿರಲಿಲ್ಲ. ನಲ್ಲಿ ಯಾರ ಕೈಯಲ್ಲಿದೆ ಎಂಬುದೇ ಎರಡೂ ಕಡೆ ಮುಖ್ಯವಾಗಿತ್ತು.

"ಮುಂದಿನ ಮಹಾಯುದ್ಧ ನೀರಿಗಾಗಿ" ಎಂಬ ಮಾತನ್ನಂತೂ ದಯವಿಟ್ಟು ಮುನ್ನುಡಿಯಲ್ಲಿ ಬರೆಯಬೇಡಿ. 1960ರ ಸಿಂಧೂ ಜಲ ಒಪ್ಪಂದ 1965, 1971 ಮತ್ತು 1999ರ ಯುದ್ಧಗಳನ್ನು ದಾಟಿ ಉಳಿಯಿತು. 2025ರ ಏಪ್ರಿಲ್‌ನಲ್ಲಿ ಭಾರತ ಅದನ್ನು ಅಮಾನತಿನಲ್ಲಿಟ್ಟದ್ದು ನದಿ ಬತ್ತಿತೆಂದಲ್ಲ, ಪಹಲ್ಗಾಮ್ ದಾಳಿಯ ನಂತರ. ಜಗಳ ಬೇರೆಡೆ ಹುಟ್ಟಿತು, ನೀರು ಅದರ ಸಾಧನವಾಯಿತು. ನನ್ನ ಪ್ರಬಂಧದ ಬಾಣಗಳು ಇದಕ್ಕೆ ತದ್ವಿರುದ್ಧ ದಿಕ್ಕಿನವು: ಬರದಿಂದ ಜಗಳದತ್ತ.

ಹವಾಮಾನವನ್ನೇ ಹಿಡಿಯಬೇಕೆಂಬ ಹಟ ನಿಮಗಿದ್ದರೆ, ಯಾರೂ ಹೆಚ್ಚು ಮುಟ್ಟದ ನೀರಸ ವಿಷಯಗಳತ್ತ ಹೋಗಿ ಎನ್ನುತ್ತೇನೆ. 2018ರ ಅಕ್ಟೋಬರ್‌ನಲ್ಲಿ ಮೈಕೆಲ್ ಚಂಡಮಾರುತ ಫ್ಲಾರಿಡಾದ ಟಿಂಡಲ್ ವಾಯುನೆಲೆಯನ್ನು ಧ್ವಂಸ ಮಾಡಿದಾಗ, ದುರಸ್ತಿಯಲ್ಲಿದ್ದ ಕೆಲವು ಎಫ್-22 ಯುದ್ಧವಿಮಾನಗಳನ್ನು ಬೇರೆಡೆಗೆ ಹಾರಿಸಿಕೊಂಡು ಹೋಗಲೂ ಆಗಲಿಲ್ಲ. 2023ರ ಬರದಲ್ಲಿ, ಪನಾಮಾ ಕಾಲುವೆಗೆ ನೀರೊದಗಿಸುವ ಗಾಟುನ್ ಸರೋವರದ ಮಟ್ಟ ಕುಸಿದು, ಸಾಮಾನ್ಯವಾಗಿ ದಿನಕ್ಕೆ 36ರಷ್ಟು ಹಡಗುಗಳನ್ನು ಬಿಡುತ್ತಿದ್ದ ಆ ಕಾಲುವೆ 2024ರ ಆರಂಭದಲ್ಲಿ 24ಕ್ಕೆ ಇಳಿಯಿತು. ಇಂಥ ಒಂದೊಂದು ಘಟನೆಗೂ ಹವಾಮಾನ ಬದಲಾವಣೆಯೇ ಕಾರಣವೆಂದು ಹೇಳಲಾಗದಿದ್ದರೂ, ಪ್ರಕೃತಿಯ ಪೆಟ್ಟು ಸೈನ್ಯಕ್ಕೂ ಸರಕು ಸಾಗಣೆಗೂ ತಗುಲುವ ಬಗೆಯನ್ನು ಇಲ್ಲಿ ಹೆಜ್ಜೆ ಹೆಜ್ಜೆಗೂ ತೋರಿಸಬಹುದು; ಬಂದೂಕು ಹಿಡಿದ ರೈತನ ಮಗನ ಮನಸ್ಸನ್ನು ಊಹಿಸುತ್ತ ಕೂರಬೇಕಾಗಿಲ್ಲ.

ಅದೂ ಬೇಡ, ಸಂಘರ್ಷವನ್ನೇ ಬರೆಯುತ್ತೇನೆ ಎನ್ನುವುದಾದರೆ ಒಂದೇ ಬರವನ್ನೂ ಅದು ಕಾಡಿದ ಎರಡು ದೇಶಗಳನ್ನೂ ತೆಗೆದುಕೊಳ್ಳಿ, ಒಂದರಲ್ಲಿ ಹಿಂಸೆ ಆಗಿರಬೇಕು, ಇನ್ನೊಂದರಲ್ಲಿ ಆಗಿರಬಾರದು. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಸಂಘರ್ಷ ದತ್ತಾಂಶ ಉಚಿತವಾಗಿ ಸಿಗುತ್ತದೆ. ಮಾರ್ಗದರ್ಶಕರ ಮುಂದೆ ಸಾರಲೇಖ ಇಡುವ ಮೊದಲೇ ಅದನ್ನು ಮಳೆಯ ದಾಖಲೆಗಳೊಂದಿಗೆ ಹೊಂದಿಸಿ ಪಟ್ಟಿ ಮಾಡಿಕೊಳ್ಳಿ. ಏನೂ ಆಗದ ವರ್ಷಗಳೇ ಅದರಲ್ಲಿ ತುಂಬಿರುತ್ತವೆ. ಆ ಸಾಲುಗಳನ್ನು ಅಳಿಸಬೇಡಿ.